ಗೆರೆ ದಾಟಿದ ನೀರು

ಮೂಗುರಾಯರ ಮೂಗಿಗೆ ಮೋಸ ಮಾಡುವ ಪೆಟ್ರೋಲು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಡಬ್ಬದ ಮುಚ್ಚಳ ಕೂದಲೆಳೆಯಷ್ಟು ಸರಿಸಿದರೆ ಸಾಕು, ಅದು ಯಾವ ಬಂಕಿನದು, ಹಾಕಿಕೊಟ್ಟವನು ಬೆಳಿಗ್ಗೆ ಹಲ್ಲುಜ್ಜಿದ್ದನೋ ಇಲ್ಲವೋ, ಎಲ್ಲ ಹೇಳಿಬಿಡುತ್ತಿದ್ದರು. ಹಾಗೆಂದು ಅವರೇ ಹೇಳುತ್ತಿದ್ದರು, ನಾವು ನಂಬುತ್ತಿದ್ದೆವು. ಅವರ ಹೆಂಡತಿ ಮಾತ್ರ, "ಒಲೆ ಮೇಲೆ ಹಾಲು ಸೀದು ಇದ್ದಿಲಾದ್ರೂ ಆ ಮೂಗಿಗೆ ತಿಳಿಯಲ್ಲ" ಎನ್ನುತ್ತಿದ್ದರು.

ರಾಯರು ವಿಮಾನದ ಮೆಕ್ಯಾನಿಕ್. ಶೆಡ್ಡಿನಲ್ಲಿದ್ದದ್ದು ಒಂದೇ ವಿಮಾನ. ಇಬ್ಬರು ಕೂರುವಂಥದ್ದು, ವಯಸ್ಸಿನಲ್ಲಿ ರಾಯರಿಗಿಂತ ಹಿರಿಯದು. ಓಡಿಸುವವಳು ಅವರ ಸೊಸೆ. ಮೇಲಿನಿಂದ ಜಮೀನುಗಳ ಫೋಟೋ ತೆಗೆಸಿಕೊಡುವುದು ಅವಳ ಕಸುಬು. ವಿಮಾನದ ಪೆಟ್ರೋಲು ತರುವ ಲಾರಿ ಆ ಕಡೆ ಬರುವುದನ್ನು ಬಿಟ್ಟ ಮೇಲೆ ಕಾರಿನ ಪೆಟ್ರೋಲೇ ಗತಿಯಾಯಿತು. ಹಳೇ ಎಂಜಿನ್ನು, ಅದಕ್ಕೇನೂ ತಕರಾರಿರಲಿಲ್ಲ. ಪಥ್ಯ ಒಂದೇ: ಪೆಟ್ರೋಲಿಗೆ ಆಲ್ಕೋಹಾಲ್ ಬೆರೆತಿರಬಾರದು. ಬೆರೆತರೆ ಹಳೆಯ ರಬ್ಬರು ಉಬ್ಬುತ್ತದೆ. ಬಿಸಿಲೇರಿದಾಗ ಪೆಟ್ರೋಲು ಕೊಳವೆಯಲ್ಲೇ ಕುದಿದು ಆವಿಯಾಗಿ, ಎಂಜಿನ್ನಿಗೆ ಗುಟುಕು ಸಿಗದಂತಾಗುತ್ತದೆ.

ಅದರ ಪತ್ತೆಗೊಂದು ಗಾಜಿನ ಬಾಟಲಿಯಿತ್ತು. ಗೆರೆಯವರೆಗೆ ನೀರು, ಮೇಲೆ ಪೆಟ್ರೋಲು ಹಾಕಿ ಕುಲುಕಿ, ತಿಳಿಯಾಗಲು ಬಿಡಬೇಕು. ತಳದ ನೀರು ಗೆರೆಯಲ್ಲೇ ನಿಂತರೆ ಕ್ಷೇಮ. ಗೆರೆ ದಾಟಿ ಏರಿದರೆ ಆಲ್ಕೋಹಾಲು ನೀರಿಗೆ ಇಳಿದಿದೆ ಎಂದೇ ಲೆಕ್ಕ.

ಅವತ್ತು ಎಂದಿನ ಬಂಕು ಮುಚ್ಚಿತ್ತು. ರಾಯರು ಬೇರೊಂದು ಕಡೆಯಿಂದ ತಂದು, ಮೂಸಿ, ಬಲಗಡೆಯ ಟ್ಯಾಂಕಿಗೆ ಸುರಿದರು. ಎಡಗಡೆಯದರಲ್ಲಿ ಎಂದಿನ ಬಂಕಿನದು ಸ್ವಲ್ಪ ಉಳಿದಿತ್ತು. ಬಾಟಲಿಯನ್ನೂ ಕುಲುಕಿದರು. ಆದರೆ ಕಾಯುವ ವ್ಯವಧಾನವಿಲ್ಲದೆ ಜೇಬಿಗಿಳಿಸಿದರು.

"ಬಾಟ್ಲಿ ನೋಡಿದ್ರಾ ಮಾವ?"

"ಬಾಟ್ಲಿಗೇನು ಗೊತ್ತಮ್ಮಾ? ಮೂಗು ಪಾಸು ಮಾಡಿದೆ, ಹತ್ತು."

"ನೀವೂ ಹತ್ತಿ. ಕ್ಯಾಮೆರಾದವರು ಇವತ್ತು ಬಂದಿಲ್ಲ, ಫೋಟೋ ನೀವೇ ತೆಗೀಬೇಕು."

ಕೆಳಗಿನ ಮನೆಗಳು ಬೆಂಕಿಪೊಟ್ಟಣದಷ್ಟಾದಾಗ, ರಾಯರು ಯಾಕೋ ಬಾಟಲಿ ತೆಗೆದು ಬೆಳಕಿಗೆ ಹಿಡಿದರು. ನೀರು ಗೆರೆಯಿಂದ ಕಿರುಬೆರಳಿನಷ್ಟು ಮೇಲಿತ್ತು.

ವಿಮಾನ ವಾಲಿರಬೇಕೆಂದು ಬಾಟಲಿಯನ್ನು ನೆಟ್ಟಗೆ ಮಾಡಿದರು. ನೀರು ಇಳಿಯಲಿಲ್ಲ. ಕನ್ನಡಕ ಒರೆಸಿಕೊಂಡರು. ಆಗಲೂ ಇಳಿಯಲಿಲ್ಲ. ಕೆಳಗೆ ಶಾಲೆ, ಮಾಳಿಗೆಗಳು, ಕರೆಂಟಿನ ತಂತಿ. ಚಾಪೆ ಹಾಸುವಷ್ಟೂ ಬಯಲಿಲ್ಲ. ಹೇಳಿದರೆ ಇಷ್ಟು ವರ್ಷದ ಮರ್ಯಾದೆ ಹೋಗುತ್ತದೆ. ಹೇಳದಿದ್ದರೆ ಇಬ್ಬರ ಜೀವ. ನಂಬಿದರೆ ನಂಬಿ, ರಾಯರು ಬಾಟಲಿಯನ್ನು ಮತ್ತೆ ಜೇಬಿಗೇ ಹಾಕಿಕೊಂಡರು.

ಎಂಜಿನ್ನು ಒಮ್ಮೆ ಕೆಮ್ಮಿತು.

"ಏನದು ಮಾವ?"

ರಾಯರು ಜೇಬನ್ನು ಅಂಗೈಯಿಂದ ಮುಚ್ಚಿಕೊಂಡರು. ಎಂಜಿನ್ನು ಮತ್ತೆ ಕೆಮ್ಮಿತು. ವಿಮಾನ ಮೆಟ್ಟಿಲು ತಪ್ಪಿದಂತೆ ಕುಸಿಯಿತು.

"ಎಡಗಡೆ ಟ್ಯಾಂಕಿಗೆ ತಿರುಗಿಸು. ಮೂತಿ ತಗ್ಗಿಸು. ಬಲಗಡೇದು ಕೆಟ್ಟಿದೆ ಕಣಮ್ಮ, ನಾನು ನೋಡ್ಲಿಲ್ಲ."

ಸೊಸೆ ಟ್ಯಾಂಕಿನ ಗುಂಡಿ ತಿರುಗಿಸಿ, ಪೆಟ್ರೋಲಿನ ಪಂಪಿನ ಸ್ವಿಚ್ಚು ಒತ್ತಿದಳು. ಎಂಜಿನ್ನಿನ ಸದ್ದು ಪೂರ್ತಿ ಅಡಗಿತು. ಆ ಮೌನದಲ್ಲಿ ರಾಯರಿಗೆ ತಮ್ಮ ಗಡ್ಡ ಬೆಳೆಯುವ ಸದ್ದು ಕೇಳಿಸಿತಂತೆ. ಶಾಲೆಯ ಹೆಂಚುಗಳನ್ನು ಒಂದೊಂದಾಗಿ ಎಣಿಸುವಷ್ಟು ಕೆಳಗಿಳಿದ ಮೇಲೆ ಎಂಜಿನ್ನು ಗೊರಗೊರ ಎಂದು ಉಸಿರು ಹಿಡಿಯಿತು.

"ಎಡಗಡೆ ಎಷ್ಟಿದೆ ಮಾವ?"

"ಹಿಂದಕ್ಕೆ ಹೋಗೋಕೆ ಸಾಕು. ಸುತ್ತು ಹೊಡೆಯೋಕೆ ಸಾಲದು."

ಸುತ್ತು ಹೊಡೆದು ಗಾಳಿಗೆದುರಾಗಿ ಇಳಿಸುವುದು ರೂಢಿ; ಅದನ್ನು ಬಿಟ್ಟು, ಗಾಳಿ ಬೆನ್ನಿಗಿದ್ದಂತೆಯೇ ಅವಳು ಶೆಡ್ಡಿನ ಮುಂದಿನ ಬಯಲಿಗೆ ನೇರ ಇಳಿಸಿದಳು. ವಿಮಾನ ಕಪ್ಪೆಯ ಹಾಗೆ ಕುಪ್ಪಳಿಸಿ, ಬೇಲಿಗೆ ಮೂಗು ತಾಗಿಸುವಷ್ಟರಲ್ಲಿ ನಿಂತಿತು. ಆಮೇಲೆ ಸೊಸೆ ಕೈಚಾಚಿ ಮಾವನ ಜೇಬಿನಿಂದ ಬಾಟಲಿ ತೆಗೆದು ನೋಡಿದಳು.

"ಇದನ್ನ ಮೇಲೇನೇ ನೋಡಿದ್ರಿ. ಎಂಜಿನ್ ಕೆಮ್ಮೋವರೆಗೂ ಬಾಯಿ ಬಿಡ್ಲಿಲ್ಲ. ಅದೂ ನನ್ನ ಪಕ್ಕದಲ್ಲೇ ಕೂತು."

"ಪಕ್ಕದಲ್ಲಿ ಕೂತಿದ್ದಕ್ಕೇ ಕಣಮ್ಮ ಅಷ್ಟಾದ್ರೂ ಬಾಯಿ ಬಿಟ್ಟಿದ್ದು" ಎಂದರು ರಾಯರು. "ಕೆಳಗೆ ನಿಂತಿದ್ದಿದ್ರೆ, ಬಾಟ್ಲಿದೇ ತಪ್ಪು ಅಂತ ಈಗ್ಲೂ ವಾದ ಮಾಡ್ತಿದ್ದೆ."