ಖರ್ಜೂರದ ಮರದಡಿಯ ಹೆಂಗಸು

ನಾಣ್ಯ ಕೈಗೆ ಬಂದರೆ ಶಂಕರ ಅಂಕಲ್ ಮೊದಲು ಅದನ್ನು ಮಗುಚಿ ನೋಡುತ್ತಿದ್ದರು. “ಮುಂದ್ಗಡೆ ಬರೀ ರಾಜನ ಮೂಗು ಕಣಮ್ಮ. ಕಥೆಯೆಲ್ಲ ಹಿಂದ್ಗಡೆ ಇರೋದು” ಎನ್ನುವರು.

ಪರದೇಶದಲ್ಲಿ ನಾವು ನೆಲೆಸಿದ್ದ ಸ್ಪ್ರಿಂಗ್‌ಫೀಲ್ಡ್ ಲೇಕ್ಸ್ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆ ಅವರದು. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಬಿಡುವಾದರೆ ಪ್ರಾಚೀನ ರೋಮಿನ ಕಂಚಿನ ನಾಣ್ಯಗಳ ಧ್ಯಾನ. ಅವುಗಳ ಹಿಂಬದಿಯಲ್ಲಿರುವ, ಅವಳಿ ಮಕ್ಕಳಿಗೆ ಹಾಲೂಡುವ ತೋಳ, ಕುದುರೆಯಿಂದ ಬಿದ್ದವನನ್ನು ಇರಿಯುವ ಸೈನಿಕ ಎಲ್ಲವನ್ನೂ ನಮ್ಮ ಭಾನುವಾರದ ಕನ್ನಡ ತರಗತಿಯಲ್ಲಿ ಅಭಿನಯಿಸಿ ತೋರಿಸುತ್ತಿದ್ದರು. ಮಕ್ಕಳು ಇಂಗ್ಲಿಷಿನಲ್ಲಿ ಕೇಳಿದರೂ ಉತ್ತರ ಕನ್ನಡದಲ್ಲೇ. ಒಂದೇ ಕಟ್ಟುನಿಟ್ಟು: “ಯಾವತ್ತೂ ಉಜ್ಜಬಾರ್ದು. ಆ ಹಸಿರು ಕಿಲುಬೇ ಅದರ ಚರ್ಮ.”

ಹತ್ತಿರದ ಇಪ್ಸ್‌ವಿಚ್ ಊರಿನ ಮಾರ್ಗರೆಟ್ ಎಂಬ ವೃದ್ಧೆ, ತೀರಿಹೋದ ಗಂಡನ ನಾಣ್ಯವೊಂದನ್ನು ಮಕ್ಕಳಿಗೆ ತೋರಿಸಲೆಂದು ಅವರಿಗೆ ಕೊಟ್ಟಿದ್ದರು. ಹಿಂಬದಿಯಲ್ಲಿ ಖರ್ಜೂರದ ಮರ. ಅದರಡಿ ಸೋತ ನಾಡಿನ ಹೆಂಗಸೊಬ್ಬಳು ಗಲ್ಲಕ್ಕೆ ಕೈಯಿಟ್ಟು ಅಳುತ್ತ ಕೂತಿದ್ದಾಳೆ. ಕಿಲುಬು ದಟ್ಟವಾಗಿತ್ತು. ಅವಳ ಮುಖ ಮಕ್ಕಳಿಗೆ ಚೆನ್ನಾಗಿ ಕಾಣಲಿ ಎಂಬ ಆಸೆಗೆ ಬಿದ್ದ ಅಂಕಲ್, ಶನಿವಾರ ದೇವರ ದೀಪಗಳ ಜೊತೆ ಅದನ್ನೂ ಹುಣಸೆಹಣ್ಣು ಹಾಕಿ ತಿಕ್ಕಿಬಿಟ್ಟರು.

ನಮ್ಮ ಬಾಗಿಲಿಗೆ ಬಂದಾಗ ಅವರ ಅಂಗೈಯಲ್ಲಿ ಕೆಂಪಗೆ ಹೊಳೆಯುವ ಬಿಲ್ಲೆಯಿತ್ತು. ಮರ ಉಳಿದಿತ್ತು. ಹೆಂಗಸಿದ್ದಲ್ಲಿ ಬರೀ ಒಂದು ಉಬ್ಬು. ಅವಳ ಮುಖವಿದ್ದದ್ದು ಕಿಲುಬಿನ ಪದರದಲ್ಲೇ.

“ಊರಿಗೆಲ್ಲ ಹೇಳ್ತಿದ್ದೋನು ನಾನು. ನಾನೇ ಮಾಡ್ಬಿಟ್ಟೆ” ಎಂದರು. ತಲೆ ಎತ್ತಲಿಲ್ಲ. ಡ್ರೈವ್ ಮಾಡುವ ಸ್ಥಿತಿಯಲ್ಲಿರಲಿಲ್ಲ. ನಾನೇ ಇಪ್ಸ್‌ವಿಚ್‌ಗೆ ಕರೆದೊಯ್ದೆ.

ಮಾರ್ಗರೆಟ್‌ಗೆ ದೃಷ್ಟಿ ಮಂದ. ನಾಣ್ಯವನ್ನು ಕಿಟಕಿಯ ಬೆಳಕಿಗೆ ಹಿಡಿದು, “ಎಷ್ಟು ಹೊಳೆಯುತ್ತಿದೆ! ಅವನಿದ್ದಿದ್ದರೆ ಖುಷಿಪಡುತ್ತಿದ್ದ” ಎಂದು ಇಂಗ್ಲಿಷಿನಲ್ಲಿ ಹೇಳಿ ನಕ್ಕರು.

“ಬಿಡಿ ಅಂಕಲ್, ಅವ್ರಿಗೆ ಗೊತ್ತಾಗಿಲ್ಲ, ಹೋಗೋಣ” ಎಂದು ನಾನು ಪಿಸುಗುಟ್ಟಿದೆ.

“ನಂಗೆ ಗೊತ್ತಲ್ಲಮ್ಮ” ಎಂದ ಅಂಕಲ್, ಆಕೆಯ ಬೆರಳನ್ನು ಹಿಡಿದು ಮೆಲ್ಲಗೆ ಆ ಉಬ್ಬಿನ ಮೇಲೆ ಆಡಿಸಿದರು. ಇಲ್ಲಿ ಒಬ್ಬಳು ಕೂತಿದ್ದಳು, ನಾನು ಅಳಿಸಿಹಾಕಿದೆ ಎಂದರು. ಆಕೆಯ ನಗು ನಿಂತಿತು. “ಹೇಳಿದ್ದು ಒಳ್ಳೆಯದಾಯಿತು” ಎಂದಷ್ಟೇ ಹೇಳಿ ನಾಣ್ಯವನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡರು. ಚಹಾಕ್ಕೆ ಕೂರಿ ಎನ್ನಲಿಲ್ಲ. ನನಗೆ ಅವರಿಬ್ಬರ ಮುಖವನ್ನೂ ನೋಡಲಾಗಲಿಲ್ಲ.

ತರಗತಿಗೆ ಅಂಕಲ್ ಮತ್ತೆ ಬರಲಿಲ್ಲ. ಹೆಂಡತಿಗೆ ಪರ್ತ್‌ನ ಜೂಂಡಲಪ್‌ನಲ್ಲಿ ಕೆಲಸ ಸಿಕ್ಕಿದಾಗ ಅಲ್ಲಿಗೆ ಹೊರಟುಹೋದರು. ಅವರನ್ನು ಕೊನೆಯ ಸಲ ನೋಡಿದ್ದು ವರ್ಷಗಳ ನಂತರ, ನಾವು ಅಲ್ಲಿಗೆ ಹೋದಾಗ. ಅವರ ತರಗತಿಯಲ್ಲಿ ಕೂತು ಬೆಳೆದ ನನ್ನ ಮಗಳು, ಓದಲು ಹೋದ ಅಡಿಲೇಡ್‌ನಲ್ಲಿ ಕೊಂಡ ಪುಟ್ಟ ರೋಮನ್ ನಾಣ್ಯವನ್ನು ಅವರಿಗೆ ತೋರಿಸಲೆಂದೇ ತಂದಿದ್ದಳು.

“ಅಂಕಲ್, ಲುಕ್!” ಎಂದು ಮುಂದೆ ಚಾಚಿದಳು.

ಅಂಕಲ್ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. “ನೀನೇ ಹಿಡ್ಕೋ ಪುಟ್ಟಿ, ನಾನು ನೋಡ್ತೀನಿ” ಎಂದು ಬಗ್ಗಿದರು. ಕನ್ನಡಕ ಮೂಗಿನ ತುದಿಗೆ ಜಾರಿತು. ಅದನ್ನು ಸರಿಪಡಿಸಿಕೊಳ್ಳಲೂ ಅವರು ಕೈ ಮುಂದೆ ತರಲಿಲ್ಲ.