ಹೋಳೂರಿನ ಕೆಂಪು ಗಿಟಾರ್

ಹೋಳೂರಿನ ಹಾಲಿನ ಡೇರಿಯ ಕಾರ್ಯದರ್ಶಿ ಆವಲಪ್ಪನಿಗೆ ದಿನಕ್ಕೆ ಎರಡೇ ಹೊತ್ತಿನ ಕೆಲಸ. ಬೆಳಿಗ್ಗೆ ಆರಕ್ಕೆ ಹಾಲು ಅಳೆಯುವುದು, ಸಂಜೆ ಐದಕ್ಕೆ ಹಾಲು ಅಳೆಯುವುದು. ನಡುವಿನ ಹೊತ್ತನ್ನು ಬೇರೆಯವರಾಗಿದ್ದರೆ ನಿದ್ದೆಗೋ ಇಸ್ಪೀಟಿಗೋ ಕೊಡುತ್ತಿದ್ದರು. ಈ ಪುಣ್ಯಾತ್ಮ ಗಿಟಾರಿಗೆ ಕೊಟ್ಟ. ಅದೂ ನುಡಿಸುವುದಕ್ಕಲ್ಲ, ಮಾಡುವುದಕ್ಕೆ. ಸಾವಿರದ ಒಂಬೈನೂರ ಎಪ್ಪತ್ತೆಂಟರಲ್ಲಿ, ಹಿಪ್ಪುನೇರಳೆ ತೋಟದ ಪಕ್ಕದ ಹಟ್ಟಿಯಲ್ಲಿ ಕೂತು ಒಬ್ಬ ಮನುಷ್ಯ ಕರೆಂಟ್ ಗಿಟಾರ್ ಕೆತ್ತುತ್ತಿದ್ದಾನೆ ಅಂದರೆ ಊರು ನಗದೆ ಬಿಡುತ್ತದೆಯೇ? ನಕ್ಕಿತು. ಆವಲಪ್ಪನಿಗೆ ಮೂಗಿನ ತುದಿಯಲ್ಲೇ ಕೋಪ. ನಕ್ಕವರು ಹಾಲಿಗೆ ನೀರು ಬೆರೆಸಿದ್ದಾರೆಂದು ಎರಡೆರಡು ಸಲ ಪರೀಕ್ಷೆ ಮಾಡಿ ಸೇಡು ತೀರಿಸಿಕೊಳ್ಳುತ್ತಿದ್ದ.

ಅವನು ಗಿಟಾರ್ ಕಲಿತದ್ದು ಚಿನ್ನದ ಗಣಿಯ ಕಾಲೊನಿಯಲ್ಲಿ. ಹತ್ತೊಂಬತ್ತರ ವಯಸ್ಸಿನಲ್ಲಿ ಎರಡು ವರ್ಷ ಅಲ್ಲಿನ ಬೇಕರಿಯೊಂದರಲ್ಲಿ ಹಿಟ್ಟು ನಾದಿದ್ದ. ಬೇಕರಿ ಯಜಮಾನರ ಮಗನ ಹತ್ತಿರ ಒಂದು ಸಾಧಾರಣ ಗಿಟಾರ್ ಇತ್ತು. ಬ್ರೆಡ್ಡು ಒಲೆಯಲ್ಲಿ ಬೇಯುವಷ್ಟು ಹೊತ್ತು ಅದರ ಮೇಲೆ ಬೆರಳಾಡಿಸುತ್ತಾ ಆಡಿಸುತ್ತಾ ಕೈ ಕೂತಿತು. ಆದರೆ ತಲೆ ಕೆಟ್ಟದ್ದು ಕ್ರಿಸ್‌ಮಸ್ ಡ್ಯಾನ್ಸಿನಲ್ಲಿ ಕಂಡ ಇನ್ನೊಂದು ಗಿಟಾರಿನಿಂದ. ಎರಡು ಕೊಂಬು, ದಾಸವಾಳದ ಕೆಂಪು, ಎದೆಯ ಮೇಲೆ ಬಿಳೀ ತಗಡು. ಆ ಮಾದರಿ ಆಗಲೇ ಹಳೆಯದು, ಕಾಲೊನಿಯ ಹುಡುಗರಿಗೆ ಅದರ ಮೇಲೆ ಆಸೆ ಹೋಗಿತ್ತು. ಆವಲಪ್ಪನಿಗೆ ಮಾತ್ರ ಅದೇ ಗಿಟಾರು, ಮಿಕ್ಕಿದ್ದೆಲ್ಲ ಸೌದೆ.

ಊರಿಗೆ ವಾಪಸ್ಸು ಬಂದು ಡೇರಿ ಸೇರಿದ ಮೇಲೂ ಆ ಕೆಂಪು ಕಣ್ಣಿಂದ ಹೋಗಲಿಲ್ಲ. ಅಷ್ಟರಲ್ಲಿ ಕೋಲಾರದ ಕದಿರೇಶ ಆಸೆಗೆ ಬೆಂಕಿ ಹಚ್ಚಿದ. ಕದಿರೇಶ ಮದುವೆಗಳಿಗೂ ಗಣೇಶನ ಪೆಂಡಾಲುಗಳಿಗೂ ಆರ್ಕೆಸ್ಟ್ರಾ ಕರೆದೊಯ್ಯುತ್ತಿದ್ದವನು. ಆವಲಪ್ಪ ಯಾರದೋ ಸಾಧಾರಣ ಗಿಟಾರ್ ನುಡಿಸುವುದನ್ನು ಒಮ್ಮೆ ಕೇಳಿದ್ದ. "ಕೈ ಚೆನ್ನಾಗೈತೆ ಕಣಪ್ಪ. ಆದ್ರೆ ಆ ಮರದ ಡಬ್ಬ ಮೈಕಿಗೆ ಕೇಳಿಸಲ್ಲ. ಕರೆಂಟ್ ಗಿಟಾರ್ ತಗೊಂಡು ಬಾ, ಜಾಗ ಕೊಡ್ತೀನಿ. ಗಿಟಾರ್ ಮಾತ್ರ ನಿಂದೇ ಆಗಿರ್ಬೇಕು," ಅಂದ. ಸಂಕ್ರಾಂತಿ ಕಳೆದ ಮೊದಲ ಭಾನುವಾರ ಹೋಳೂರಿಗೆ ಒಂದು ಮದುವೆ ಮಾತಾಡಲು ಬರುವುದಿದೆ, ಆಂಪ್ಲಿಫೈಯರ್ ತಂದು ಕೇಳಿಯೇ ಬಿಡುತ್ತೇನೆ ಎಂದೂ ಹೇಳಿದ. ಕೈಯಲ್ಲಿದ್ದದ್ದು ಏಳು ತಿಂಗಳು. ಅಂಗಡಿಯ ಗಿಟಾರ್ ಡೇರಿ ಸಂಬಳಕ್ಕೆ ಎಟುಕುವಂಥದ್ದಲ್ಲ. ಮನೆಯಲ್ಲೇ ಮಾಡುವುದೆಂದು ಆವಲಪ್ಪ ಹಟ ಹಿಡಿದ. ಯಾರಾದರೂ ಮದುವೆ ಮಾತೆತ್ತಿದರೆ, ಆರ್ಕೆಸ್ಟ್ರಾ ಸೇರಿದ ಮೇಲೆ ನೋಡೋಣ ಅನ್ನುತ್ತಿದ್ದ.

ಮೈಗೆ ಹಲಸಿನ ಹಲಗೆ, ಕತ್ತಿಗೆ ಹಳೇ ಬಾಗಿಲ ತೇಗ. ಕತ್ತಿನ ಮೇಲೆ ಬೆರಳೊತ್ತುವ ಮೆಟ್ಟಿಲುಗಳಿಗೆ ಸೈಕಲ್ ಕಡ್ಡಿ ಕತ್ತರಿಸಿ, ಉಜ್ಜಿ, ಕೂರಿಸಿದ. ಮೊದಲನೇ ಕತ್ತು ಮಳೆಗಾಲದಲ್ಲಿ ಸೊಟ್ಟಗಾಯಿತು, ಒಲೆಗೆ ಹೋಯಿತು. ಎರಡನೆಯದರ ಮೆಟ್ಟಿಲು ಲೆಕ್ಕ ತಪ್ಪಿ ಶ್ರುತಿ ಸೇರಲಿಲ್ಲ, ಅದೂ ಒಲೆಗೆ. ಮೂರನೆಯದು ನಿಂತಿತು. ತಂತಿ ವಿಷಯದಲ್ಲಿ ಇನ್ನೊಂದು ಪೆಟ್ಟು. ವೀಣೆಯ ಹಿತ್ತಾಳೆ ತಂತಿ ತಂದು ಬಿಗಿದಿದ್ದ. ಕರೆಂಟ್ ಗಿಟಾರಿನಲ್ಲಿ ತಂತಿಯ ಅದುರನ್ನು ಹಿಡಿಯುವುದು ಅಯಸ್ಕಾಂತ, ಅದು ಹಿತ್ತಾಳೆಯನ್ನು ಮೂಸಿಯೂ ನೋಡುವುದಿಲ್ಲವೆಂದು ಶ್ರೀನಿವಾಸಪುರದ ಸೊಣ್ಣಪ್ಪ ಹೇಳಿದಾಗ ಬಿಚ್ಚಿ ಉಕ್ಕಿನದು ಹಾಕಿದ. ಸೊಣ್ಣಪ್ಪನದು ರೇಡಿಯೊ ರಿಪೇರಿ ಅಂಗಡಿ, ಆವಲಪ್ಪನಿಗೆ ಇದ್ದ ಒಬ್ಬನೇ ಗುರು. ಒಡೆದ ಸ್ಪೀಕರಿನ ಅಯಸ್ಕಾಂತವನ್ನೂ ಹಳೇ ಟ್ರಾನ್ಸ್‌ಫಾರ್ಮರ್ ಬಿಚ್ಚಿ ತೆಗೆದ ತಾಮ್ರದ ತಂತಿಯನ್ನೂ ಅವನೇ ಕೊಟ್ಟ.

"ಇದನ್ನ ಅಯಸ್ಕಾಂತದ ಸುತ್ತ ಐದೂವರೆ ಸಾವಿರ ಸುತ್ತು ಸುತ್ತಬೇಕು," ಅಂದ ಸೊಣ್ಣಪ್ಪ. "ಕೂದಲಿಗಿಂತ ಸಣ್ಣ. ತುಂಡಾಗದಂಗೆ ನೋಡ್ಕೋ. ತಂತಿ ಅದುರಿದ್ದು ಕರೆಂಟಾಗೋದು ಈ ಸುರುಳೀಲೇ."

ಆವಲಪ್ಪ ಸುತ್ತಲು ಕೂತ. ನಲವತ್ತನೇ ಸುತ್ತಿಗೆ ತಂತಿ ಪಟ್ಟನೆ ಹೋಯಿತು. ಮತ್ತೆ ಕೂತ, ತೊಂಬತ್ತಕ್ಕೆ ಹೋಯಿತು. ಮೂರನೇ ಸಲ ಹೋದಾಗ ಕೈಗೆ ಸಿಕ್ಕ ಹಲಗೆಯನ್ನೇ ಎತ್ತಿ ಗೋಡೆಗೆ ಹೊಡೆದ. ಹಿತ್ತಲಿನಲ್ಲಿ ರೇಷ್ಮೆ ಗೂಡು ಬೇಯಿಸುತ್ತಿದ್ದ ಅಕ್ಕ ಮುನಿಗಂಗಮ್ಮ ಬಂದು ಬಾಗಿಲಲ್ಲಿ ನಿಂತಳು.

ಮುನಿಗಂಗಮ್ಮ ಅವನಿಗಿಂತ ಹದಿನಾಲ್ಕು ವರ್ಷ ದೊಡ್ಡವಳು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು, ತಾಯಿಯಿಲ್ಲದ ತಮ್ಮನನ್ನು ಸಾಕಿದವಳು. ಕುದಿನೀರಿನಲ್ಲಿ ತೇಲುವ ಗೂಡುಗಳಿಂದ ಎಳೆಯ ತುದಿ ಹುಡುಕಿ, ಎಂಟು ಹತ್ತು ಎಳೆ ಸೇರಿಸಿ, ಚರಕಕ್ಕೆ ಸುತ್ತುವುದು ಅವಳ ಕೆಲಸ. ಬೆರಳ ತುದಿಗಳು ಬೆಂದು ಬೆಂದು ಬಿಳಿಚಿದ್ದವು. ಆದರೆ ಹೋಬಳಿಯಲ್ಲಿ ಅವಳ ನೂಲಿಗೆ ಹೆಸರಿತ್ತು.

"ಏನ್ಲಾ ಅದು, ಗೋಡೆ ಏನು ಮಾಡ್ತು ನಿಂಗೆ?"

"ಈ ತಂತಿ ನಿಲ್ತಿಲ್ಲ ಕಣಕ್ಕ."

ಅವಳು ತಂತಿಯನ್ನು ಬೆರಳಲ್ಲಿ ಎಳೆದು ನೋಡಿದಳು. "ಇದಕ್ಕಾ ಇಷ್ಟು ರಂಪ? ಕೊಡಿಲ್ಲಿ ನಾಯ್ನಾ. ಹೆಂಗೆ ಸುತ್ಬೇಕು ಹೇಳು."

"ರೇಷ್ಮೆ ಸುತ್ತಿದಂಗೇ ಸುತ್ತಕ್ಕ. ಅಷ್ಟೇ."

ಅಷ್ಟೇ ಹೇಳಿ ಅವನು ಡೇರಿಗೆ ಹೋದ. ಮುನಿಗಂಗಮ್ಮ ಚರಕದ ಅಚ್ಚಿಗೆ ಅಯಸ್ಕಾಂತ ಸಿಕ್ಕಿಸಿ, ನೂರು ಸುತ್ತಿಗೊಂದು ಹುಣಸೆಬೀಜ ಎತ್ತಿಡುತ್ತಾ, ಮೂರು ಮಧ್ಯಾಹ್ನ ಕೂತು ಐವತ್ತೈದು ಬೀಜ ಮುಗಿಸಿದಳು. ಕಂಪನಿಯವರೂ ನಾಚಬೇಕು, ಅಷ್ಟು ಒಪ್ಪವಾದ ಸುರುಳಿ. ಆವಲಪ್ಪನಿಗೆ ಅಕ್ಕನ ಕಾಲಿಗೆ ಬೀಳುವಷ್ಟು ಖುಷಿಯಾಯಿತು. ಗಿಟಾರಿಗೆ ಕೆಂಪು ಬಣ್ಣ ಹೊಡೆದು, ಸುರುಳಿ ಕೂರಿಸಿ, ತಂತಿ ಬಿಗಿದು, ಪಂಚಾಯಿತಿ ಕಚೇರಿಯ ರೇಡಿಯೊಗೆ ವಯರು ಸಿಕ್ಕಿಸಿ, ಒಂದು ಸಲ ಜೋರಾಗಿ ಮೀಟಿದ.

ಗುಂಯ್ ಎಂದಿತು. ಮೀಟಿದರೂ ಗುಂಯ್, ಮೀಟದಿದ್ದರೂ ಗುಂಯ್. ಗಿಟಾರಿನ ಸದ್ದು ಹೆಸರಿಗೂ ಇಲ್ಲ.

ಅಲ್ಲಿಂದ ಎರಡು ತಿಂಗಳು ಆವಲಪ್ಪನ ಪಾಡು ಹೇಳಬಾರದು. ವಯರು ಬದಲಾಯಿಸಿದ. ಬೆಸುಗೆ ಕಿತ್ತು ಮತ್ತೆ ಹಾಕಿದ. ಅಯಸ್ಕಾಂತ ತಿರುಗಿಸಿದ, ಹೊಸದು ತಂದ. ರೇಡಿಯೊ ಸರಿಯಿಲ್ಲವೆಂದು ಗಿಟಾರನ್ನು ಸೈಕಲ್ಲಿಗೆ ಕಟ್ಟಿಕೊಂಡು ವೇಮಗಲ್‌ವರೆಗೂ ತುಳಿದು, ಅಲ್ಲಿನ ನೆಂಟರ ರೇಡಿಯೊಗೆ ಹಾಕಿ ನೋಡಿದ. ಅಲ್ಲೂ ಗುಂಯ್. ಎಲ್ಲವನ್ನೂ ಅನುಮಾನಿಸಿದ, ಅಕ್ಕನ ಸುರುಳಿಯೊಂದನ್ನು ಬಿಟ್ಟು. ಅದರಲ್ಲಿ ತಪ್ಪು ಹುಡುಕುವುದು ಅವನಿಗೆ ಹೊಳೆಯಲೂ ಇಲ್ಲ. ಕೊನೆಗೆ ಶ್ರೀನಿವಾಸಪುರಕ್ಕೆ ಹೋಗಿ, ಅಂಗಡಿಯ ತುಂಬ ಗಿರಾಕಿಗಳಿರುವಾಗ, "ಸತ್ತ ತಂತಿ ಕೊಟ್ಟು ನನ್ ಹೊಟ್ಟೆ ಮೇಲೆ ಹೊಡೆದೆ," ಎಂದು ಸೊಣ್ಣಪ್ಪನ ಮೇಲೆ ಕೂಗಾಡಿದ.

"ಗಿಟಾರ್ ತಂದು ಮೀಟರಿಗೆ ಇಡು, ತಂತೀಲಿ ಕರೆಂಟ್ ಹರೀತೈತಾ ಇಲ್ವಾ ನಿಮಿಷದಲ್ಲಿ ಹೇಳ್ತೀನಿ," ಅಂದ ಸೊಣ್ಣಪ್ಪ. ಅವನ ಮುಖ ಕೆಂಪಾಗಿತ್ತು.

"ನಿನ್ ಮೀಟರ್ ನೀನೇ ಇಟ್ಕೋ," ಎಂದು ಬಂದುಬಿಟ್ಟ. ಆ ಒಂದು ನಿಮಿಷಕ್ಕೆ ತಲೆ ಬಗ್ಗಿಸಿದ್ದರೆ ಕತೆಯೇ ಬೇರೆಯಾಗುತ್ತಿತ್ತು. ಆದರೆ ಬಗ್ಗುವ ಜಾತಿಯ ತಲೆ ಅದಲ್ಲ.

ಸಂಕ್ರಾಂತಿ ಕಳೆದ ಭಾನುವಾರ ಕದಿರೇಶ ಬಂದೇಬಿಟ್ಟ. ಆಂಪ್ಲಿಫೈಯರ್ ಪಂಚಾಯಿತಿ ಕಟ್ಟೆಯ ಮೇಲೆ ಇಳಿಯಿತು. ಊರೂ ಬಂದು ಸುತ್ತ ಕೂತಿತು. ದೊಡ್ಡ ಮಿಷನ್ನಿಗಾದರೂ ಜೀವ ಬಂದೀತೆಂಬ ಹುಚ್ಚು ಆಸೆ ಆವಲಪ್ಪನಿಗೆ. ಮೀಟಿದ. ದೊಡ್ಡ ಮಿಷನ್ನು ಗುಂಯ್ ಅನ್ನುವುದನ್ನೇ ದೊಡ್ಡದಾಗಿ ಅಂದಿತು. ಹಿಂದಿನ ಸಾಲಿನಿಂದ ಯಾರೋ, "ಜೇನುಗೂಡು ಎದ್ದೈತೆ ಕಣ್ರೋ!" ಎಂದು ಕೂಗಿದರು. ಕದಿರೇಶ ನಗಲಿಲ್ಲ. ಅದು ಇನ್ನೂ ಕಷ್ಟವಾಯಿತು. ಗಿಟಾರನ್ನು ಕೈಗೆ ತೆಗೆದುಕೊಂಡು, ತಿರುಗಿಸಿ ನೋಡಿ, "ನೋಡೋಕೆ ಜೋರಾಗಿ ಮಾಡಿದೀಯ," ಎಂದು ವಾಪಸ್ಸು ಕೊಟ್ಟ. ಮುಂದಿನ ವಾರ ಮುಳಬಾಗಿಲಿನವನೊಬ್ಬ, ಕಂಪನಿ ಗಿಟಾರ್ ಇದ್ದವನು, ಆರ್ಕೆಸ್ಟ್ರಾ ಸೇರಿದನೆಂದು ಸುದ್ದಿ ಬಂತು.

ಸುದ್ದಿ ಬಂದ ದಿನ ಆವಲಪ್ಪ ಗಿಟಾರನ್ನು ಅಂಗಳಕ್ಕೆ ತಂದು ಸುರುಳಿ ಕಿತ್ತ. ಕೋಪಕ್ಕೆ ಕೈಗೆ ಏನಾದರೂ ಬೇಕಾಗಿತ್ತು. ತಂತಿ ಹಿಡಿದು ಸರಸರನೆ ಬಿಚ್ಚಿ ಎಸೆಯುತ್ತಾ ಹೋದ. ಒಂದು ಕಡೆ ಬೆರಳಿಗೆ ಸಾಸಿವೆಗಿಂತ ಸಣ್ಣದೇನೋ ತಾಕಿತು. ಬಿಸಿಲಿಗೆ ಹಿಡಿದು ನೋಡಿದ. ಗಂಟು. ಇನ್ನೂ ಬಿಚ್ಚಿದ, ಇನ್ನೊಂದು. ಒಟ್ಟು ಹನ್ನೊಂದು ಗಂಟು. ಪ್ರತಿಯೊಂದೂ ರೇಷ್ಮೆಯ ಗಂಟು, ಬಾಲ ಕತ್ತರಿಸಿ, ಒತ್ತಿ, ಕಣ್ಣಿಗೆ ಕಾಣದಂತೆ ಹಾಕಿದ್ದು.

"ಅಕ್ಕಾ! ಏನಿದು?"

ಮುನಿಗಂಗಮ್ಮ ಬಗ್ಗಿ ನೋಡಿದಳು. "ಗಂಟು."

"ಯಾಕೆ ಹಾಕ್ದೆ?"

"ಎಳೆ ಹೋದ್ರೆ ಹಾಕ್ದೆ ಇರ್ತಾರೇನ್ಲಾ? ಮೂವತ್ತು ವರ್ಷದಿಂದ ಹಾಕ್ತಿದೀನಿ."

"ನಂಗೊಂದು ಮಾತು ಹೇಳ್ಬೇಕಿತ್ತು!"

"ಉಸಿರಾಡಿದ್ದನ್ನೂ ಹೇಳ್ತಾರಾ? ಗಂಟಿಲ್ದಿರೋ ನೂಲು ಭೂಮಿ ಮೇಲೈತಾ?"

ಅವನು ಕೂಗಿದ. ಅಂಗಳ ಅದುರುವಂತೆ ಕೂಗಿದ. ತಂತಿಯ ಮೇಲೆ ವಾರ್ನಿಷ್ಷಿನ ಪೊರೆ ಇರುತ್ತದೆ, ಗಂಟು ಹಾಕಿದರೆ ಪೊರೆಗೆ ಪೊರೆ ತಾಕುತ್ತದೆಯೇ ಹೊರತು ತಾಮ್ರಕ್ಕೆ ತಾಮ್ರ ತಾಕುವುದಿಲ್ಲ, ಒಂದೇ ಒಂದು ಗಂಟು ಸಾಕು ಕರೆಂಟು ಅಲ್ಲಿಗೇ ನಿಲ್ಲಲು, ನೀನು ಹನ್ನೊಂದು ಹಾಕಿದ್ದೀಯ, ನನ್ನ ಬಾಳಿಗೇ ಹಾಕಿದ್ದೀಯ ಎಂದ. ಮುನಿಗಂಗಮ್ಮ ಪೂರ್ತಿ ಕೇಳಿಸಿಕೊಂಡಳು.

"ಪೊರೆ ಇರ್ತದೆ ಅಂತ ಅವತ್ತೇ ಯಾಕೆ ಹೇಳ್ಲಿಲ್ಲ?" ಎಂದಳು.

ಉತ್ತರ ಆವಲಪ್ಪನಿಗೆ ಗೊತ್ತಿತ್ತು. ಗೂಡು ಬೇಯಿಸುವವಳಿಗೆ ಕರೆಂಟಿನ ವಿಷಯ ಏನು ತಿಳಿದೀತು, ಕೈ ಆಡಿಸಿದರೆ ಸಾಕು ಅಂದುಕೊಂಡಿದ್ದ. ಅದನ್ನು ಅಕ್ಕನ ಮುಖ ನೋಡಿಕೊಂಡು ಹೇಳುವುದು ಹೇಗೆ? ಅವಳಿಗೂ ಅದು ತಿಳಿಯಿತೆಂದು ಕಾಣುತ್ತದೆ. ಒಳಗೆ ಹೋಗಿ ಒಲೆ ಊದತೊಡಗಿದಳು. ಎರಡು ದಿನ ಊಟಕ್ಕೆ ಕರೆಯಲಿಲ್ಲ, ತಟ್ಟೆ ಇಟ್ಟು ಹೋಗುತ್ತಿದ್ದಳು.

ಮೂರನೇ ದಿನ ಅವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿ, "ನಡಿ ಶ್ರೀನಿವಾಸಪುರಕ್ಕೆ," ಅಂದಳು. ಸೊಣ್ಣಪ್ಪನ ಮುಂದೆ ಆವಲಪ್ಪ ತಪ್ಪಾಯಿತು ಅಂದ. ಅಂಥ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು. ಸೊಣ್ಣಪ್ಪ ಮುನಿಗಂಗಮ್ಮನನ್ನು ಸ್ಟೂಲಿನ ಮೇಲೆ ಕೂರಿಸಿ ಎಲ್ಲ ತೋರಿಸಿದ. ತುದಿಯನ್ನು ದೀಪಕ್ಕೆ ಹಿಡಿದು ಪೊರೆ ಸುಡುವುದು, ಬಟ್ಟೆಯಲ್ಲಿ ಒರೆಸುವುದು, ಎರಡು ತುದಿ ಹೊಸೆದು ಬೆಸೆಯುವುದು, ಮೇಲೆ ತೆಳ್ಳನೆ ಕಾಗದ ಅಂಟಿಸುವುದು. ಅವಳು ಒಂದೇ ಸಲಕ್ಕೆ ಕಲಿತಳು. ಊರಿಗೆ ಬಂದು ಹೊಸ ಸುರುಳಿ ಸುತ್ತಿದಳು. ಎಳೆ ಎರಡು ಸಲ ಹೋಯಿತು, ಎರಡು ಸಲವೂ ಚರಕ ನಿಲ್ಲಿಸಿ ತಮ್ಮನನ್ನು ಕೂಗಿ ತೋರಿಸಿಯೇ ಬೆಸೆದಳು.

ಈ ಸಲ ಗಿಟಾರ್ ಹಾಡಿತು. ಪಂಚಾಯಿತಿ ರೇಡಿಯೊದಿಂದ ಹೊರಟ ಸದ್ದು ಕೆರೆ ಏರಿಯವರೆಗೂ ಹೋಯಿತು. ಹಲಸಿನ ಮರದ್ದೋ ಅಕ್ಕನ ಕೈಯದ್ದೋ, ಆ ಸದ್ದಿನಲ್ಲಿ ಅಂಗಡಿ ಗಿಟಾರುಗಳಿಗಿಲ್ಲದ ಒಂದು ತುಂಬುತನ ಇತ್ತು. ಆವಲಪ್ಪ ಕೋಲಾರಕ್ಕೆ ಓಡಿದ. ಕದಿರೇಶನಿಗೆ ಆಗ ಗಿಟಾರಿನವನು ಬೇಕಿರಲಿಲ್ಲ. ಮುಂದಿನ ವರ್ಷವೂ ಬೇಕಿರಲಿಲ್ಲ. ಮಾಲೂರಿನ ಇನ್ನೊಂದು ಆರ್ಕೆಸ್ಟ್ರಾದವರು ಕೆಂಪು ಗಿಟಾರನ್ನು ಹಿಡಿದು ನೋಡಿ, "ಇದು ಓಬೀರಾಯನ ಕಾಲದ್ದು, ಜನ ನಗ್ತಾರೆ," ಅಂದರು.

ಆದರೆ ಸದ್ದಿನ ಸುದ್ದಿ ಹಬ್ಬಿತು. ಸುರುಳಿ ಸತ್ತ ಗಿಟಾರುಗಳನ್ನು ಬೆಂಗಳೂರಿಗೆ ಕಳಿಸಿ ತಿಂಗಳುಗಟ್ಟಲೆ ಕಾಯುತ್ತಿದ್ದವರಿಗೆಲ್ಲ ಸೊಣ್ಣಪ್ಪ, "ಹೋಳೂರಲ್ಲಿ ಒಬ್ಬ ಅಮ್ಮ ಇದಾರೆ," ಎಂದು ದಾರಿ ತೋರಿಸಿದ. ಗಣಿ ಕಾಲೊನಿಯಿಂದ ಬಂದರು, ಮುಳಬಾಗಿಲಿನಿಂದ ಬಂದರು. ಬಸ್ಸಿನಿಂದ ಗಿಟಾರ್ ಇಳಿದರೆ ಊರವರು ಕೇಳದೆಯೇ ಬೀದಿ ತೋರಿಸುತ್ತಿದ್ದರು. ಬಂದವರು ಬಾಗಿಲಲ್ಲಿ ಆವಲಪ್ಪನನ್ನು ಕಂಡು, "ಅಮ್ಮ ಇದಾರಾ?" ಅನ್ನುತ್ತಿದ್ದರು. ಇದಾರೆ, ಕೂತ್ಕೊಳ್ಳಿ ಅನ್ನುವುದು ಅವನ ಪಾಲಿಗೆ ಬಂತು. ಸುತ್ತಿದ್ದು ಕೂಗುತ್ತದೋ ಇಲ್ಲವೋ ಎಂದು ಮೀಟಿ ನೋಡುವುದೂ ಅವನ ಕೆಲಸವಾಯಿತು. ಅಕ್ಕನ ಮೇಲೆ ಹೊಟ್ಟೆಕಿಚ್ಚು ಪಡುವುದು ಪಾಪವೆಂದು ಅವನಿಗೆ ಗೊತ್ತಿತ್ತು. ಆದರೂ ಪಟ್ಟ.

ಎಂಬತ್ತೈದರ ಗಣೇಶನ ಹಬ್ಬಕ್ಕೆ ನಾಲ್ಕು ದಿನವಿರುವಾಗ ಕದಿರೇಶನೇ ಬಂದ. ಅವನ ಗಿಟಾರಿನವನ ಕಂಪನಿ ಗಿಟಾರ್ ಬಾಯಿ ಮುಚ್ಚಿತ್ತು. ಮುನಿಗಂಗಮ್ಮ ಚರಕಕ್ಕೆ ಕೂತಳು, ಕದಿರೇಶ ಜಗುಲಿಯಲ್ಲಿ ಕೂತ. ಎರಡನೇ ದಿನ ಮಧ್ಯಾಹ್ನ ಸುರುಳಿ ಮುಗಿಯಿತು. ಆವಲಪ್ಪ ಅದನ್ನು ಕೂರಿಸಿ, ಬೆಸೆದು, ತಂತಿ ಬಿಗಿದು, ಮನೆಯ ರೇಡಿಯೊಗೆ ವಯರು ಸಿಕ್ಕಿಸಿ, ಗಿಟಾರನ್ನು ತೊಡೆಯ ಮೇಲೆ ಇಟ್ಟುಕೊಂಡ. ಪರೀಕ್ಷೆಗೆ ಆರು ತಂತಿ ಒಂದೊಂದು ಸಲ ಮೀಟಿದರೆ ಸಾಕು. ಅವನು ನುಡಿಸಿದ. ಏಳು ವರ್ಷ ಹಟ್ಟಿಯಲ್ಲಿ ಒಬ್ಬನೇ ನುಡಿಸಿಕೊಂಡಿದ್ದನ್ನೆಲ್ಲ, ಒಂದು ಬೆರಳೂ ತಪ್ಪದೆ, ಕದಿರೇಶನ ಎದುರಿಗೆ ನುಡಿಸಿದ. ರೇಷ್ಮೆಗೆ ಮರಳಿದ್ದ ಮುನಿಗಂಗಮ್ಮನ ಚರಕ ನಿಂತಿತು. ಅವಳು ತಮ್ಮನ ಮುಖವನ್ನೂ ಕದಿರೇಶನ ಮುಖವನ್ನೂ ನೋಡುತ್ತಾ ಕೂತಳು.

ಕದಿರೇಶ ಕಿವಿಯನ್ನು ಸ್ಪೀಕರಿನ ಹತ್ತಿರ ಒಡ್ಡಿ ಕೇಳುತ್ತಿದ್ದ. ಸ್ವಲ್ಪ ಹೊತ್ತಿಗೆ ಕೈ ಎತ್ತಿದ.

"ಸಾಕು ಬಿಡಪ್ಪ, ಆರು ತಂತೀನೂ ಬರ್ತೈತೆ," ಎಂದು ಮುನಿಗಂಗಮ್ಮನ ಕಡೆ ತಿರುಗಿ ಕೈಮುಗಿದ. "ಏನು ಕೈನಮ್ಮ ನಿಮ್ದು!"

ಆವಲಪ್ಪ ವಯರು ಕಿತ್ತು, ಗಿಟಾರನ್ನು ಬಟ್ಟೆಯಲ್ಲಿ ಒರೆಸಿ, ಚೀಲಕ್ಕೆ ಹಾಕಿ ಕೊಟ್ಟ. ಹಾಲಿನ ಹೊತ್ತಾಗಿತ್ತು. ಚಪ್ಪಲಿ ಮೆಟ್ಟಿ ಡೇರಿಗೆ ಹೊರಟ.