ನಾನು ತಲುಪಿಸದೆ ಹೋದ ಮೂರು ತಿಂಗಳ ಮಾತು

ಇದನ್ನು ಬರೆಯಬೇಕೆಂದು ಕೂತು, ಬರೆಯದೆ ಎದ್ದದ್ದು ಎಷ್ಟು ಸಲವೋ ನೆನಪಿಲ್ಲ. ಒಮ್ಮೆ ಕನ್ನಡಕದ ನಂಬರು ಬದಲಾಗಿದೆ ಎಂದುಕೊಂಡೆ. ಒಮ್ಮೆ ಮಳೆಗಾಲ ಮುಗಿಯಲಿ ಎಂದುಕೊಂಡೆ. ಹೀಗೆ ನಾಲ್ಕೈದು ವರ್ಷ ದೂಡಿದ್ದೇನೆ. ಈಗ ನನಗೆ ಎಪ್ಪತ್ತನಾಲ್ಕು. ಇನ್ನು ದೂಡಿದರೆ ಹೇಳಲು ನಾನೇ ಇರುವುದಿಲ್ಲ.

ನಾನು ಎಸ್ಸೆಸ್ಸೆಲ್ಸಿ ಪಾಸಾಗಿ ಆರೋಗ್ಯ ಇಲಾಖೆಯ ಮಲೇರಿಯಾ ಕೆಲಸಕ್ಕೆ ಸೇರಿದವನು. ಅಂಕೋಲಾ ತಾಲೂಕಿನ ಕಡಲಂಚಿನ ಕೇರಿಗಳಲ್ಲಿ ಮೂವತ್ತು ವರ್ಷ ಮನೆಮನೆ ತಿರುಗಿದೆ. ಜ್ವರ ಬಂದವರ ಬೆರಳು ಚುಚ್ಚಿ ಗಾಜಿನ ಮೇಲೆ ರಕ್ತ ಸವರಿಕೊಳ್ಳುವುದು, ಗುಳಿಗೆ ಕೊಡುವುದು, ಬಂದು ಹೋದ ತಾರೀಖನ್ನು ಬಾಗಿಲ ಪಕ್ಕದ ಗೋಡೆಯ ಮೇಲೆ ಬರೆಯುವುದು ನನ್ನ ಕೆಲಸ. ಆ ಗುಳಿಗೆಗಳಲ್ಲಿ ಒಂದನ್ನು ಬಸುರಿಯರಿಗೆ ಕೊಡಬಾರದು. ಆದ್ದರಿಂದ ಕೇಳಲೇಬೇಕು. ಆದರೆ ನಾನು ಎಳೆಯ ಹೆಂಗಸರನ್ನು ಎಂದೂ ನೇರವಾಗಿ ಕೇಳಿದವನಲ್ಲ. ಮನೆಯ ಮುದುಕಿಯ ಕಡೆ ತಿರುಗಿ, "ಗುಳಿಗೆ ಕೊಡಬಾರದವ್ರು ಯಾರಾದ್ರೂ ಇದ್ರಾ?" ಎನ್ನುತ್ತಿದ್ದೆ. ಅವಳು ಹೌದು ಎಂದೋ ಇಲ್ಲ ಎಂದೋ ತಲೆ ಆಡಿಸುತ್ತಿದ್ದಳು. ಕುಟುಂಬ ಯೋಜನೆಯ ನಿರೋಧ್ ಪೊಟ್ಟಣಗಳನ್ನು ಹಂಚುವಾಗಲೂ ಹಾಗೆಯೇ. ಕಟ್ಟೆಯ ಮೇಲೆ ಇಟ್ಟು, ಕೆಮ್ಮಿ, ಹೊರಟುಬಿಡುತ್ತಿದ್ದೆ. ಅದನ್ನು ಮರ್ಯಾದೆ ಎಂದು ತಿಳಿದಿದ್ದೆ. ನಿವೃತ್ತನಾಗುವಾಗ ನನ್ನನ್ನು ಹೊಗಳಿದವರೂ ಆ ಮಾತನ್ನೇ ಹೇಳಿದರು.

ಮಗ ಕಾರವಾರದಲ್ಲಿ ಬಂದರಿನ ಕಚೇರಿಯೊಂದರಲ್ಲಿ ಗುಮಾಸ್ತ. ತಡವಾಗಿ ಮದುವೆಯಾದ. ಸೊಸೆ ಅಂಕೋಲೆಯಾಚೆ ಗಂಗಾವಳಿ ಹೊಳೆ ಕಡಲು ಸೇರುವಲ್ಲಿನ ಮೀನುಗಾರರ ಊರು ಮಂಜಗುಣಿಯವಳು, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ಮದುವೆಯಾದಾಗ ಅವಳಿಗೆ ಮೂವತ್ತಮೂರು. ಕಾರವಾರದ ಪಕ್ಕದ ಶಿರವಾಡದ ನಮ್ಮ ಮನೆಗೆ ಬಂದು ಎಂಟು ದಿನವಾಗಿತ್ತಷ್ಟೇ. ಮಗ ಮೊದಲೇ ಹನಿಮೂನಿಗೆ ಕೇರಳದ ಹಿನ್ನೀರಿನಲ್ಲಿ ದೋಣಿಮನೆ ಗೊತ್ತು ಮಾಡಿದ್ದ, ರೈಲಿನ ಟಿಕೆಟೂ ಆಗಿತ್ತು. ಅವನ ತಾಯಿ ದಿನಕ್ಕೊಮ್ಮೆ ಕೆಣಕುತ್ತಿದ್ದಳು.

"ಬಾಗಿಲಲ್ಲಿ ಇಷ್ಟು ದೊಡ್ಡ ಕಡಲು ಇಟ್ಕಂಡು, ನೀರು ನೋಡ್ಲಿಕ್ಕೆ ಕೇರಳಕ್ಕೆ ಹೋಗ್ಬೇಕೇನೋ?"

"ಇಲ್ಲಿ ದೋಣಿ ಹತ್ತಿದ್ರೆ ಬಂಗಡೆ ವಾಸ್ನೆ, ಆಯಿ. ಹೊಸ ಹೆಂಡ್ತಿ ಓಡಿ ಹೋಗ್ತಾಳೆ."

"ಅವ್ಳು ಮಂಜಗುಣಿಯವ್ಳು. ವಾಸ್ನೆಗೆ ಓಡೋದಾದ್ರೆ ಹುಟ್ಟಿದ ದಿನವೇ ಓಡ್ತಿದ್ಳು."

ಸೊಸೆ ನಕ್ಕಳು. ಆದರೆ ಅವಳ ಮನಸ್ಸು ಬೇರೆ ಕಡೆ ಇತ್ತೆಂದು ಮರುದಿನ ಬೆಳಿಗ್ಗೆ ತಿಳಿಯಿತು. ಜಗುಲಿಯಲ್ಲಿ ಪೇಪರು ಓದುತ್ತಿದ್ದ ನನ್ನ ಬಳಿ ಬಂದು ಒಳಗಿನ ಪುಟ ತೆರೆದು ತೋರಿಸಿದಳು. ಕೇರಳದ ಕಡೆ ಝೀಕಾ ಎಂಬ ಜ್ವರ ಕಾಣಿಸಿಕೊಂಡಿದೆ, ಡೆಂಗ್ಯೂ ಹರಡುವ ಸೊಳ್ಳೆಯೇ ಅದನ್ನೂ ಹರಡುತ್ತದೆ, ಗರ್ಭಿಣಿಯರಿಗೆ ಅಪಾಯ ಎಂದು ಬರೆದಿತ್ತು.

"ಮಾವ, ಸೊಳ್ಳೆ ವಿಷ್ಯ ನಿಮ್ಗೆ ಗೊತ್ತಿದ್ದಷ್ಟು ಈ ಮನೇಲಿ ಯಾರಿಗೂ ಗೊತ್ತಿಲ್ಲ. ನಂಗೆ ವಯಸ್ಸಾಗ್ತಾ ಬಂತು. ನಾವು ಮಗೂಗೆ ತಡ ಮಾಡೋದು ಬೇಡ ಅಂದ್ಕೊಂಡಿದ್ದೇವೆ. ಅದ್ಕೇ ಹೆದ್ರಿಕೆ. ಬೇಡ ಅಂದ್ರೆ ಟಿಕೆಟ್ ರದ್ದು ಮಾಡ್ಲಿಕ್ಕೆ ನಾನು ತಯಾರು. ನೀವು ನಾಳೆ ಅಂಕೋಲೆಗೆ ಹೋಗ್ತ್ರಲ್ಲ, ಡಾಕ್ಟರಬಾಯಿ ಹತ್ರ ಒಂದು ಮಾತು ಕೇಳ್ತ್ರಾ?"

ಡಾಕ್ಟರಬಾಯಿ ಎಂದರೆ ನಾನು ಕೆಲಸದಲ್ಲಿದ್ದಾಗ ನಮ್ಮ ಆಸ್ಪತ್ರೆಯಲ್ಲಿದ್ದವರು. ಈಗ ಅಂಕೋಲೆಯಲ್ಲಿ ಸ್ವಂತ ದವಾಖಾನೆ ಇಟ್ಟಿದ್ದಾರೆ. ಸೊಸೆ ತಾನೇ ಹೋಗುವ ಹಾಗಿರಲಿಲ್ಲ. ಮದುವೆಯಾದ ಎಂಟೇ ದಿನಕ್ಕೆ ಹುಡುಗಿ ಹೆರಿಗೆ ಡಾಕ್ಟರ ಮೆಟ್ಟಿಲು ಹತ್ತಿದರೆ, ಸಂಜೆಯೊಳಗೆ ಮಂಜಗುಣಿಯ ತನಕ ಜನ ಬೆರಳು ಮಡಿಸಿ ತಿಂಗಳು ಎಣಿಸುತ್ತಾರೆ. "ನಾನು ಹೋದ್ರೆ ಊರು ಎಣಿಸ್ತದೆ ಮಾವ, ನೀವು ಹೋದ್ರೆ ಯಾರೂ ಎಣಿಸೋದಿಲ್ಲ" ಎಂದಳು. ನನಗೂ ನಗು ಬಂತು.

ಡಾಕ್ಟರಬಾಯಿ ನನ್ನ ಮಾತನ್ನು ಪೂರ್ತಿ ಕೇಳಿದರು. "ನಿಮ್ಮ ಸೊಸೆ ಹುಷಾರಿ ಇದ್ದಾಳೆ" ಎಂದರು. ಆಮೇಲೆ ಕುರ್ಚಿ ಮುಂದೆ ಎಳೆದುಕೊಂಡು ನಿಧಾನವಾಗಿ ಹೇಳಿದರು. "ಈಗ ಆ ಕಡೆ ಹೋಗದೇ ಇದ್ರೆ ಒಳ್ಳೇದು. ಹೋಗ್ಲೇಬೇಕು ಅಂದ್ರೆ, ಬಂದ್ಮೇಲೆ ಮೂರು ತಿಂಗ್ಳು ಮಗು ಬೇಡ. ಮೂರು ತಿಂಗ್ಳು ತಪ್ಪದೆ ನಿರೋಧ್ ಬಳಸ್ಲಿ. ಗಂಡಸಿಗೆ ಈ ಜ್ವರ ಬಂದು ಹೋದ್ಮೇಲೂ ಅದು ಅವನ ಮೈಯಲ್ಲಿ ಉಳಿದಿರ್ತದೆ, ಅವನಿಂದ ಹೆಂಡ್ತಿಗೆ ಬರ್ತದೆ. ಜ್ವರ ಕಾಣಿಸದೇನೂ ಇರ್ಬಹುದು. ಹೊಟ್ಟೆಯಲ್ಲಿದ್ದ ಮಗೂಗೆ ತಾಗಿದ್ರೆ ಮಿದುಳು ಬೆಳೆಯೋದಿಲ್ಲ, ತಲೆ ಸಣ್ಣದಾಗಿ ಉಳೀತದೆ. ತಿಳೀತಾ? ಹೇಳ್ತ್ರಲ್ಲ?"

"ಹೇಳ್ತೆ" ಎಂದೆ.

ಅಂಕೋಲೆಯಿಂದ ಕಾರವಾರಕ್ಕೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಆ ಮಾತನ್ನು ಹೇಗೆ ಹೇಳುವುದೆಂದು ಯೋಚಿಸಿದೆ. ವಾಕ್ಯವನ್ನು ಎಲ್ಲಿಂದ ಶುರುಮಾಡಿದರೂ ಅದು ನಿರೋಧ್ ಎಂಬ ಮಾತಿಗೇ ಬಂದು ನಿಲ್ಲುತ್ತಿತ್ತು. ಮಗನಿಗೆ ಹೇಳೋಣವೆಂದರೆ, ಅವನು ಹುಟ್ಟಿದಂದಿನಿಂದ ಅಂಥ ಮಾತು ನಮ್ಮಿಬ್ಬರ ನಡುವೆ ಬಂದಿಲ್ಲ. ಹೆಂಡತಿಯ ಕೈಲಿ ಹೇಳಿಸೋಣವೆಂದರೆ, ಮೊಮ್ಮಗುವಿಗಾಗಿ ಕಾದು ಕೂತಿರುವ ಅವಳು ಮೂರು ತಿಂಗಳು ಎಂದರೆ ರಂಪ ಮಾಡುತ್ತಾಳೆ. ಹೀಗೆ ಶಿರವಾಡ ಬಂತು.

ಸೊಸೆ ಬಾಗಿಲಲ್ಲೇ ಇದ್ದಳು. ಅಂಗಳದಲ್ಲಿ ನನ್ನ ಹೆಂಡತಿ ಮೀನಿನವಳ ಜೊತೆ ಚೌಕಾಸಿ ಮಾಡುತ್ತಿದ್ದಳು.

"ಕೇಳಿದ್ರಾ ಮಾವ?"

"ಕೇಳ್ದೆ. ಹೆದ್ರೋದು ಎಂತದೂ ಇಲ್ಲಂತೆ. ಮುಲಾಮು ಹಚ್ಕಂಡು, ತುಂಬು ತೋಳಿನ ಅಂಗಿ ಹಾಕ್ಕಂಡು ಆರಾಮ ಹೋಗಿ ಬರ್ಲಿ ಅಂದ್ರು."

"ಅಷ್ಟೇನಾ ಅಂದ್ರು?"

"ಅಷ್ಟೇ."

ಅವಳ ಮುಖದಿಂದ ಹೆದರಿಕೆ ಇಳಿದದ್ದನ್ನು ಕಣ್ಣಾರೆ ಕಂಡೆ. ಹೊರಡುವ ತನಕ ಇನ್ನೂ ಐದು ದಿನ ಇದೆ, ಹೇಳಿದರಾಯಿತು ಎಂದುಕೊಂಡೆ. ಆ ಐದು ದಿನವೂ ಹೇಳಲಿಲ್ಲ. ರೈಲು ನಿಲ್ದಾಣ ಹತ್ತಿರವಾದ್ದರಿಂದ ಕಳಿಸಲು ಜೊತೆಗೆ ಹೋದೆ. ಪ್ಲಾಟ್‌ಫಾರ್ಮಿನಲ್ಲಿ ಮಗನನ್ನು ಪಕ್ಕಕ್ಕೆ ಕರೆದೆ. ಬಾಯಿಂದ ಬಂದದ್ದು ಮೂವತ್ತು ವರ್ಷ ಮನೆಮನೆಯಲ್ಲಿ ಹೇಳಿದ ಹಳೆಯ ಮಾತು: "ಸೂರ್ಯ ಮುಳುಗಿದ ಮೇಲೆ ಹೊರಗೆ ಕೂರಬೇಡಿ."

ಸೊಸೆಗೆ ಅದು ಕೇಳಿಸಿತು. "ಮಾವ, ಇದು ಹಗಲು ಕಚ್ಚೋ ಸೊಳ್ಳೆ ಅಲ್ವಾ?" ಎಂದಳು. ಹೌದು, ಹಗಲು ಕಚ್ಚುವುದೇ. ಅದು ನನಗೆ ಅವಳಿಗಿಂತ ಚೆನ್ನಾಗಿ ಗೊತ್ತಿತ್ತು.

ವಾರ ಬಿಟ್ಟು ಬಂದರು. ಬಂದ ನಾಲ್ಕನೆಯ ದಿನ ಮಗನಿಗೆ ಸಣ್ಣಗೆ ಜ್ವರ, ಕೀಲುನೋವು, ಕಣ್ಣು ಕೆಂಪು, ಎದೆ ಬೆನ್ನಿನ ಮೇಲೆಲ್ಲ ಕೆಂಪು ದದ್ದು. ಸೊಸೆ ನನ್ನನ್ನು ಒಳಕೋಣೆಗೆ ಕರೆದು ಅವನ ಅಂಗಿ ಎತ್ತಿ ತೋರಿಸಿದಳು. "ಮಾವ, ಇದು ಅದಲ್ಲ ಅಲ್ವಾ?"

ಅಂದು ಅವಳಿಗೆ ನಿಜ ಹೇಳಿದ್ದರೂ ಸಾಕಿತ್ತು. ಅದೇ ವಾರ ರಕ್ತ ಪರೀಕ್ಷೆಗೆ ಕೊಟ್ಟಿದ್ದರೆ ತಿಳಿಯುತ್ತಿತ್ತು, ಅವರು ಮೂರು ತಿಂಗಳು ತಡೆಯುತ್ತಿದ್ದರು. ಆದರೆ ಇದನ್ನು ಹೇಳಿದರೆ ಅದನ್ನೂ ಹೇಳಬೇಕು. "ಪಿತ್ತ ಕೆದರಿದೆ, ಎಂತದೂ ಇಲ್ಲ" ಎಂದುಬಿಟ್ಟೆ. ನನ್ನ ಹೆಂಡತಿ ಮುರುಗಲ ಹಣ್ಣಿನ ಸಿಪ್ಪೆ ನೆನೆಸಿ ಆ ನೀರು ಕುಡಿಸಿದಳು. ಎರಡು ದಿನಕ್ಕೆ ದದ್ದು ಇಳಿಯಿತು. ಮಲೇರಿಯಾದವನೇ ಪಿತ್ತ ಎಂದ ಮೇಲೆ ಮನೆಯಲ್ಲಿ ಯಾರು ಎದುರಾಡುತ್ತಾರೆ?

ಎರಡು ತಿಂಗಳಾಗುವುದರೊಳಗೆ ಒಂದು ಬೆಳಿಗ್ಗೆ ಸೊಸೆ ದೋಸೆಯ ತಟ್ಟೆ ಬಿಟ್ಟು ಹಿತ್ತಿಲಿಗೆ ಓಡಿದಳು. ಹೆಂಡತಿ ನನ್ನ ಮುಖ ನೋಡಿ ನಕ್ಕಳು. ನಾನು ಮೇಜಿನ ಕೆಳಗೆ ಬೆರಳು ಮಡಿಸಿ ಎಣಿಸಿದೆ. ಮೂರು ತಿಂಗಳು ಆಗಿರಲಿಲ್ಲ.

ಅಲ್ಲಿಂದ ನನ್ನ ಹೆದರಿಕೆ ಶುರುವಾಯಿತು. ಬಸ್ಸಿನಲ್ಲಿ, ಮಾರ್ಕೆಟ್ಟಿನಲ್ಲಿ ಯಾರ ಕಂಕುಳಲ್ಲಿ ಕೂಸು ಕಂಡರೂ ಮೊದಲು ತಲೆ ನೋಡುತ್ತಿದ್ದೆ. ಸಣ್ಣದೇ, ಸರಿಯಿದೆಯೇ, ಹಣೆ ಹಿಂದಕ್ಕೆ ಜಾರಿದೆಯೇ. ಮೊಬೈಲಿನಲ್ಲಿ ಆ ರೋಗದ ಮಕ್ಕಳ ಚಿತ್ರ ಹುಡುಕಿ ನೋಡಿ ಊಟ ಬಿಟ್ಟೆ. ಹೆಂಡತಿ, "ಬಸುರಿ ಅವ್ಳೋ ನೀವೋ?" ಎಂದು ಹಾಸ್ಯ ಮಾಡಿದಳು. ಕಾರವಾರದಲ್ಲಿ ತೋರಿಸುತ್ತಿದ್ದ ಡಾಕ್ಟರಿಗೆ ಎಲ್ಲಿಗೆ ಹೋಗಿ ಬಂದಿದ್ದರೆಂದು ಗೊತ್ತಿರಲಿಲ್ಲ, ಯಾರೂ ಹೇಳಲೂ ಇಲ್ಲ. ಜ್ವರ ಪಿತ್ತದ್ದಾಗಿತ್ತಲ್ಲ.

ಐದನೆಯ ತಿಂಗಳಲ್ಲಿ ಸೊಸೆ ನಾಲ್ಕು ದಿನ ತವರಿಗೆ ಹೊರಟಳು. ಹೋಗುವ ದಾರಿಯಲ್ಲಿ ಅಂಕೋಲೆಯ ಡಾಕ್ಟರಬಾಯಿಗೂ ಒಮ್ಮೆ ತೋರಿಸೋಣ ಎಂದಳು. ಮಗನಿಗೆ ರಜೆ ಇರಲಿಲ್ಲ. ನಾನೂ ನನ್ನ ಹೆಂಡತಿಯೂ ಜೊತೆಗೆ ಹೋದೆವು. ಬೇಡ ಎನ್ನಲು ನನಗೆ ಕಾರಣ ಸಿಗಲಿಲ್ಲ.

ಡಾಕ್ಟರಬಾಯಿ ಕಾಗದ ನೋಡಿದರು. ದಿನ ಎಣಿಸಿದರು. ಆಮೇಲೆ ತಲೆ ಎತ್ತಿ, "ಕೊನೆಗೂ ಕೇರಳಕ್ಕೆ ಹೋದ್ರಾ?" ಎಂದರು.

"ಹೋಗಿದ್ವಿ."

"ಬಂದ್ಮೇಲೆ ಮೂರು ತಿಂಗ್ಳು ತಡೀಬೇಕು ಅಂತ ನಿಮ್ಮ ಮಾವನ ಹತ್ರ ಹೇಳಿ ಕಳಿಸಿದ್ದೆ. ಹೇಳ್ಲಿಲ್ವಾ?"

ಸೊಸೆ ತಿರುಗಿ ನನ್ನನ್ನು ನೋಡಿದಳು. ನಾನು ಬಾಗಿಲ ಬಳಿ ಕೊಡೆ ಹಿಡಿದು ನಿಂತಿದ್ದೆ. ಅವಳಿಗೆ ಆ ಕ್ಷಣದಲ್ಲಿ ಎಲ್ಲ ತಿಳಿಯಿತು. ಅಂದು ಬಾಗಿಲಲ್ಲಿ ಹೇಳಿದ ಸುಳ್ಳೂ ತಿಳಿಯಿತು, ಪಿತ್ತವೂ ತಿಳಿಯಿತು. ಅವಳ ಕೈ ಹೊಟ್ಟೆಯ ಮೇಲೆ ಹೋಯಿತು. ಆಮೇಲೆ ಡಾಕ್ಟರ ಕಡೆ ತಿರುಗಿದಳು.

"ಹೇಳಿದ್ರು ಡಾಕ್ಟ್ರೇ. ನಾನೇ ಮನಸ್ಸಿಗೆ ಹಾಕ್ಕೊಳ್ಳಲಿಲ್ಲ."

ಯಾಕೆ ಹಾಗೆಂದಳೋ ನನಗೆ ಇಂದಿಗೂ ಗೊತ್ತಿಲ್ಲ. ಅತ್ತೆಯ ಎದುರು, ಪರರ ಎದುರು ಮುದುಕನ ಮಾನ ಕಳೆಯಬಾರದೆಂದಿರಬಹುದು. ನಾನು ಒಂದು ಹೆಜ್ಜೆ ಮುಂದೆ ಬಂದು "ಇಲ್ಲ, ನಾನು ಹೇಳಿಲ್ಲ" ಎನ್ನಬೇಕಿತ್ತು. ಮೂರು ಶಬ್ದ. ಕೊಡೆಯ ಹಿಡಿ ತಿರುಗಿಸುತ್ತ ನಿಂತೆ.

ಗಂಡನಿಗೆ ಜ್ವರ ಬಂದಿತ್ತೇ ಎಂದು ಡಾಕ್ಟರಬಾಯಿ ಕೇಳಿದರು. ದದ್ದಿನ ಮಾತು ಬಂತು. ಅವರು ಮತ್ತೆ ಕಾಗದ ನೋಡಿ, "ಈಗ ರಕ್ತದಲ್ಲಿ ಖಾತ್ರಿ ತಿಳಿಯೋದು ಕಷ್ಟ. ಅದೇ ಇರ್ಬೇಕು ಅಂತ ಇಲ್ಲ, ಇರ್ಲಿಕ್ಕಿಲ್ಲ ಅಂತಾನೂ ಹೇಳ್ಲಾರೆ. ತಿಂಗ್ಳು ತಿಂಗ್ಳು ಸ್ಕ್ಯಾನ್ ಮಾಡಿ ಮಗೂ ತಲೆ ಅಳೀತಾ ಹೋಗುವಾ" ಎಂದರು.

ಹೊರಗೆ ಬಂದು ಆಟೋ ಹತ್ತುವ ಮೊದಲೇ ನನ್ನ ಹೆಂಡತಿ ಶುರುಮಾಡಿದಳು. "ಸಾಲೆಯಲ್ಲಿ ಊರ ಮಕ್ಳಿಗೆ ಪಾಠ ಹೇಳ್ತಿ. ಹಿರಿಯರು ಹೇಳಿದ ಒಂದು ಮಾತು ನಡೆಸ್ಲಿಕ್ಕೆ ಆಗ್ಲಿಲ್ವಾ ನಿಂಗೆ? ಮೂರು ತಿಂಗ್ಳಲ್ಲಿ ಎಂತಾ ಮುಳುಗಿ ಹೋಗ್ತಿತ್ತು?" ಸೊಸೆ ಗಂಗಾವಳಿ ಹೊಳೆ ಕಾಣುವ ತನಕ ಆಟೋದ ಹೊರಗೇ ನೋಡುತ್ತಿದ್ದಳು. ವಿಷಯ ಮಗನಿಗೂ ಮುಟ್ಟಿತು. "ನಂಗಾದ್ರೂ ಹೇಳ್ಬಹುದಿತ್ತು" ಎಂದು ಅವಳ ಹತ್ತಿರ ಹದಿನೈದು ದಿನ ಸರಿಯಾಗಿ ಮಾತಾಡಲಿಲ್ಲ. ಆಗಲೂ ಅವಳು ನನ್ನ ಹೆಸರೆತ್ತಲಿಲ್ಲ. ಒಂದೇ ಬದಲಾವಣೆ. ನನ್ನನ್ನು ಏನಾದರೂ ಕೇಳುವುದನ್ನು ನಿಲ್ಲಿಸಿದಳು.

ಆರನೆಯ ತಿಂಗಳ ಅಳತೆ ಸರಿ ಬಂತು. ಏಳನೆಯದರಲ್ಲಿ ತಲೆ ಎರಡು ವಾರ ಹಿಂದಿದೆ ಎಂದರು. ಕೆಲವು ಮಕ್ಕಳು ಹಾಗೆ ಇರುತ್ತವೆ ಎಂದೂ ಅಂದರು. ಆ ತಿಂಗಳು ಸೊಸೆ ಅಡುಗೆಮನೆಯಲ್ಲಿ ನಿಂತಲ್ಲೇ ನಿಂತುಬಿಡುತ್ತಿದ್ದಳು, ಒಲೆಯ ಮೇಲೆ ಸಾರು ಉಕ್ಕಿದರೂ ಗೊತ್ತಾಗುತ್ತಿರಲಿಲ್ಲ. ಹೆಂಡತಿ ಮಂಜಗುಣಿಯ ದೇವರಿಗೆ ಹರಕೆ ಹೇಳಿಕೊಂಡಳು. ನಾನು ಯಾವ ಬಾಯಲ್ಲಿ ಹರಕೆ ಹೇಳಲಿ?

ಹೆರಿಗೆಯ ದಿನ ಡಾಕ್ಟರಬಾಯಿಯ ದವಾಖಾನೆಯ ಕಾರಿಡಾರಿನಲ್ಲಿ ಗೋಡೆಗೆ ಒರಗಿ ಕೂತಿದ್ದೆ. ನರ್ಸಮ್ಮ ಬಂದು ಹೆಣ್ಣು ಎಂದರು. ಎಲ್ಲರೂ ಎದ್ದರು. ನಾನು ತಲೆಯ ಅಳತೆ ಹೇಳಲಿ ಎಂದು ಕೂತೇ ಇದ್ದೆ. ಟೇಪಿನಲ್ಲಿ ತಲೆ ಅಳೆದು, ತುಸು ಸಣ್ಣದಾದರೂ ಸರಿಯಿದೆ, ಕಣ್ಣು ಕಿವಿ ಎರಡು ವರ್ಷ ನೋಡುತ್ತಿರಬೇಕು ಎಂದು ಡಾಕ್ಟರಬಾಯಿ ಹೇಳಿದ ಮೇಲೆ ಹೋಗಿ ನೋಡಿದೆ. ಆ ಎರಡು ವರ್ಷವೂ ಸೊಸೆ ಚಮಚ ಬಡಿದು ಮಗು ತಿರುಗುತ್ತದೆಯೇ ಎಂದು ದಿನಾ ನೋಡಿದಳು. ಮಗು ತಿರುಗುತ್ತಿತ್ತು. ಈಗ ನಾಲ್ಕು ವರ್ಷದ ಅವಳು ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡುತ್ತಾಳೆ.

ದೇವರು ದೊಡ್ಡವನು ಎಂದು ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಹೋದ ತಿಂಗಳು ಅಡುಗೆಮನೆಯಲ್ಲಿ ಅತ್ತೆ ಸೊಸೆ ಕಾಯಿ ತುರಿಯುತ್ತ ಕೂತಿದ್ದರು. ನಾನು ಪಕ್ಕದ ಕೋಣೆಯಲ್ಲಿದ್ದೆ.

"ಇನ್ನೊಂದು ಆಗ್ಲಿ. ಒಂದೇ ಕೂಸು ಬೇಜಾರು ಮಾಡ್ಕಂತದೆ" ಎಂದಳು ನನ್ನ ಹೆಂಡತಿ.

"ಬೇಡ ಅತ್ತೆ. ಎರಡು ಬೇಕು ಅಂತ ಆಸೆ ಇತ್ತು. ಒಂದ್ಸಲ ತಲೆ ಅಳೆಸಿದ್ದು ಸಾಕು."

"ಅದು ನಿನ್ನದೇ ತಪ್ಪು. ಅದ್ಕೆ ಈಗ್ಯಾಕೆ ಹೆದರ್ತಿ? ಈ ಸಲ ಮಾವ ಹೇಳಿದ ಹಂಗೆ ಕೇಳು."

ಕಾಯಿ ತುರಿಯುವ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು.

ನಾನು ಎದ್ದು ಅಡುಗೆಮನೆಯ ಬಾಗಿಲ ತನಕ ಹೋದೆ. ಇಬ್ಬರೂ ತಲೆ ಎತ್ತಿದರು. ನೀರು ಬೇಕು ಎಂದೆ. ಸೊಸೆ ಎದ್ದು ಕೈ ತೊಳೆದು ಲೋಟದಲ್ಲಿ ನೀರು ಕೊಟ್ಟಳು. ಕುಡಿದು ಲೋಟ ಇಟ್ಟು ವಾಪಸು ಬಂದೆ.

ಬಾಯಲ್ಲಿ ಬಾರದ್ದನ್ನು ಬರೆದಿದ್ದೇನೆ. ಮಗ ಓದಲಿ, ಹೆಂಡತಿಗೆ ಓದಿ ಹೇಳಲಿ. ಅಂದು ದವಾಖಾನೆಯಲ್ಲಿ ನನಗಾಗಿ ಸುಳ್ಳು ಹೇಳಿದವಳದ್ದು ಏನೂ ತಪ್ಪಿರಲಿಲ್ಲ, ಸುಮ್ಮನೆ ನಿಂತಿದ್ದವನದ್ದೇ ತಪ್ಪು. ಹುಟ್ಟದೆ ಉಳಿದ ಇನ್ನೊಂದು ಮಗುವೂ ನನ್ನ ಲೆಕ್ಕಕ್ಕೇ ಸೇರುತ್ತದೆ. ನಾನು ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು, ಸೊಸೆಯ ಕೈಯ ಅನ್ನ ಉಂಡು, ಅವಳಿಗೆ ಒಮ್ಮೆಯೂ ತಪ್ಪಾಯಿತು ಎನ್ನದೆ ಉಳಿದೆ.